ಮ್ಯೂಸಿಕ್ ತೆಗೆದ ಮೇಲೆ ಓಡಿದ ನಮ್ಮ ಕಬಡ್ಡಿ ರೀಲ್ಸ್

ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಕಬಡ್ಡಿ ಟೀಮ್. ಮದುವೆ ವಿಡಿಯೊ ನನ್ನ ಹೊಟ್ಟೆಪಾಡು, ಟೀಮಿನ ರೀಲ್ಸ್ ನನ್ನ ಹುಚ್ಚು. ಹೋದ ವರ್ಷದ ತನಕ ಪೇಜಿಗೆ ಇನ್ನೂರು, ಮುನ್ನೂರು ವ್ಯೂಸ್ ಬಂದರೆ ದೊಡ್ಡದು. ಅದರಲ್ಲೂ ಅರ್ಧ ಆಟಗಾರರ ಮನೆಯವರೇ. ಈಗ ಒಂದು ರೀಲ್ ಎಂಟು ಲಕ್ಷ ದಾಟಿದೆ, ಇನ್ನೂ ಕೆಲವು ಲಕ್ಷದ ಮೇಲೆ ಓಡಿವೆ. "ಮ್ಯೂಸಿಕ್ ಇಲ್ಲದ ರೀಲ್ ನಡೆಯೋದಲ್ಲ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಸುರಿದ ಕಥೆ. ಕಲಬುರಗಿಯಿಂದ ಡ್ರೋನ್ ಬಾಡಿಗೆಗೆ ತಂದೆವು. ಒಂದು ಸಂಜೆಗೆ ನಾಲ್ಕು ಸಾವಿರದ ಹತ್ತಿರ ಹೋಯಿತು. ಮೇಲಿಂದ ನೋಡಿದರೆ 13 ಮೀಟರ್ ಉದ್ದದ ಕೋರ್ಟ್ ಕೇರಂ ಬೋರ್ಡಿನ ಹಾಗೆ ಕಾಣುತ್ತೆ. ಯಾರು ಯಾರನ್ನು ಹಿಡಿದರು ಅನ್ನೋದೇ ತಿಳಿಯಲ್ಲ. ಆಮೇಲೆ ವಿಡಿಯೊ ಅಲುಗದ ಹಾಗೆ ಹಿಡಿಯುವ ಗಿಂಬಲ್ ಬಂತು, ಸ್ಲೋ ಮೋಷನ್ ಬಂತು. ಹೊನಲು ಬೆಳಕಿನ ಪಂದ್ಯದಲ್ಲಿ ಸೆಕೆಂಡಿಗೆ 240 ಫ್ರೇಮ್ ಹಾಕಿದರೆ ಲೈಟು ಪಟಪಟ ಹೊಡೆದುಕೊಳ್ಳುತ್ತೆ. ನಮ್ಮ ಕರೆಂಟು 50 ಹರ್ಟ್ಜ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/100 ಸೆಕೆಂಡಿಗೆ ಕಟ್ಟಿದರೆ ತಕ್ಕಮಟ್ಟಿಗೆ ನಿಲ್ಲುತ್ತೆ. ಆದರೆ 240 ಫ್ರೇಮಿನಲ್ಲಿ ಶಟರ್ ಅಷ್ಟು ಕೆಳಗೆ ಇಳಿಯೋದೇ ಇಲ್ಲ. ಅಲ್ಲಿಗೆ ಸ್ಲೋ ಮೋಷನ್ ಬಿಟ್ಟೆ.

ಸಿನಿಮಾ ಬಿಜಿಎಂ (ಹಿನ್ನೆಲೆ ಮ್ಯೂಸಿಕ್) ಹಾಕಿದ್ದೂ ಆಯಿತು. ಬಿಸಿನೆಸ್ ಅಕೌಂಟಿಗೆ ಆ ಹಾಡುಗಳು ಸಿಗಲ್ಲ ಅಂತ ಹೊರಗಿಂದ ಅಂಟಿಸಿದೆ, ಎರಡು ದಿನಕ್ಕೆ ಸೌಂಡೇ ಮ್ಯೂಟ್. ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸುವ ಬೂಸ್ಟಿಗೆ ಒಂದೆರಡು ಸಾವಿರ ಹಾಕಿದೆ. ವ್ಯೂಸ್ ಏನೋ ಬಂತು, ಆದರೆ ಕಬಡ್ಡಿಗೂ ನೋಡಿದವರಿಗೂ ಸಂಬಂಧವೇ ಇಲ್ಲ. ಒಬ್ಬನೂ ಫಾಲೋ ಮಾಡಲಿಲ್ಲ. ಎಲ್ಲಾ ಸೇರಿ ಹದಿನೆಂಟು, ಇಪ್ಪತ್ತು ಸಾವಿರ ಹೋಗಿರಬೇಕು. ಟೀಮ್ ನೋಡಿಕೊಳ್ಳುವ ಕಾಕಾ "ಆ ರೊಕ್ಕದಾಗ ಹುಡುಗ್ರಿಗಿ ಶೂ ಬರ್ತಿದ್ವಲ್ಲೋ" ಅಂದರು. ಖರೆ ಮಾತು.

ದಾರಿ ಸಿಕ್ಕಿದ್ದು ಎಡಿಟಿಂಗಿಗೆ ಕೂತಾಗ. ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡ್. ಆಟವೇ ರೀಲ್ ಅಳತೆಗೆ ಕತ್ತರಿಸಿ ಕೊಟ್ಟಿದೆ. ನಾವು ಮಾತ್ರ ರೈಡರ್ ನೆಲ ಮುಟ್ಟಿ ನಮಸ್ಕಾರ ಮಾಡೋದರಿಂದ ತೋರಿಸುತ್ತಿದ್ದೆವು. ಅಷ್ಟರಲ್ಲಿ ನೋಡುವವನ ಬೆರಳು ಮುಂದಿನ ವಿಡಿಯೊಗೆ ಹೋಗಿರುತ್ತೆ. ಈಗ ನಾನು ಶುರು ಮಾಡೋದೇ ಕಾಲು ಸಿಕ್ಕಿಬಿದ್ದ ಕ್ಷಣದಿಂದ. ಎಡ ತುದಿಯಲ್ಲಿ ನಿಲ್ಲುವ ಕಾರ್ನರಿನವನು ಆಂಕಲ್ ಹಿಡಿದಿದ್ದಾನೆ, ಒಳಗಡೆ ನಿಲ್ಲುವ ಕವರಿನವನು ಮೇಲೆ ಬೀಳುತ್ತಿದ್ದಾನೆ, ರೈಡರ್ ಕೈ ಮಿಡ್‌ಲೈನ್ (ನಡುಗೆರೆ) ಕಡೆಗೆ ಚಾಚಿದೆ. ಎಂಟು ಲಕ್ಷದ ರೀಲಿನಲ್ಲಿ ಕಾಣೋದು ಅಷ್ಟೇ: ಮಣ್ಣಿನಲ್ಲಿ ಎಳೆದುಕೊಂಡು ಬರುವ ಅಂಗೈ, ಉಗುರಿನೊಳಗೆ ಎರೆ ಮಣ್ಣು, ಗೆರೆಗೆ ನಾಲ್ಕು ಬೆರಳಷ್ಟು ದೂರ. ಮುಟ್ಟಿದನಾ ಇಲ್ವಾ? ರೆಫರಿ ಕೈ ಎತ್ತಿದ ಕೂಡಲೇ ಕಟ್. ಹನ್ನೊಂದು, ಹನ್ನೆರಡು ಸೆಕೆಂಡ್ ಇರಬಹುದು. ಸರಿಯಾಗಿ ನೋಡಲಿಲ್ಲ ಅಂತ ಜನ ಮತ್ತೊಮ್ಮೆ ನೋಡ್ತಾರೆ, ಅಲ್ವಾ?

ಅದಕ್ಕೆ ಕ್ಯಾಮೆರಾ ಮಿಡ್‌ಲೈನಿನ ತುದಿಯಲ್ಲೇ ಇರಬೇಕು, ನೆಲದಿಂದ ಒಂದು ಮೊಳ ಎತ್ತರಕ್ಕೆ. ಮೊಬೈಲನ್ನು ಅಡ್ಡಕ್ಕೇ ಇಡುತ್ತೇನೆ, 4ಕೆನಲ್ಲಿ. ಉದ್ದಕ್ಕೆ ಹಿಡಿದರೆ ಆಟ ಪಕ್ಕಕ್ಕೆ ಸರಿದಾಗ ಫ್ರೇಮಿಂದ ಹೊರಗೆ ಹೋಗುತ್ತೆ. 4ಕೆನಿಂದ ಉದ್ದಕ್ಕೆ ಕತ್ತರಿಸಿದರೂ 1215 ಪಿಕ್ಸೆಲ್ ಅಗಲ ಉಳಿಯುತ್ತೆ, ರೀಲ್ಸಿಗೆ ಬೇಕಾದದ್ದು 1080. ಒಂದೇ ಶಾಟಿನಲ್ಲಿ ಬೇಕಾದವನ ಹಿಂದೆ ಹೋಗಬಹುದು. ನಮ್ಮ ಬೇಸಿಗೆಯಲ್ಲಿ ಸಂಜೆ ಪ್ರಾಕ್ಟೀಸಿಗೂ ಮೊಬೈಲ್ ಬಿಸಿಯಾಗಿ ರೆಕಾರ್ಡಿಂಗ್ ನಿಲ್ಲುತ್ತೆ. ಕವರ್ ತೆಗೆದು, ನೆರಳು ಮಾಡಿ, ರೈಡಿಂದ ರೈಡಿಗೆ ಆಫ್ ಮಾಡಿ ಹಿಡಿಯಿರಿ.

ಎಲ್ಲರೂ ನಕ್ಕಿದ್ದು ಸೌಂಡಿಗೆ. ಮ್ಯೂಸಿಕ್ ಬೇಡ ಅಂದೆ. ಕ್ಯಾಪ್ಟನ್ ಹುಡುಗ "ಅಣ್ಣಾ, ಮ್ಯೂಸಿಕ್ ಇಲ್ಲಂದ್ರ ಯಾರ್ ನೋಡ್ತಾರ?" ಅಂದ. ನಮ್ಮಲ್ಲಿ ಪಂದ್ಯಕ್ಕೆ ಮೈಕ್ ಹಿಡಿಯೋರು ರಿಟೈರ್ ಆದ ಕನ್ನಡ ಮಾಸ್ತರ್ ಒಬ್ಬರು. ಅವರ ಮಾತೇ ಒಂದು ಆಟ. "ಕಾಲ್ ಬಿಡಬ್ಯಾಡ್ರಿ! ಮುಂಜಾನಿ ರೊಟ್ಟಿ ತಿಂದಿರಿಲ್ಲೋ?" ಅಂತ ಒಮ್ಮೆ ಕೂಗಿದ್ದು ಈಗ ಆಳಂದ ಬಸ್ ಸ್ಟ್ಯಾಂಡಿನಲ್ಲಿ ಹುಡುಗರ ಬಾಯಲ್ಲಿದೆ. ಮೊದಲು ಈ ಮಾತನ್ನು ಲೌಡ್‌ಸ್ಪೀಕರಿಂದ ಹಿಡಿದೆ, ಬರೀ ಪ್ರತಿಧ್ವನಿ. ಆಮೇಲೆ ಎರಡೂವರೆ ಸಾವಿರಕ್ಕೆ ಜೋಡಿ ಕಾಲರ್ ಮೈಕ್ ಕೊಂಡೆ. ಒಂದನ್ನು ಮಾಸ್ತರ ಅಂಗಿಯ ಎರಡನೇ ಗುಂಡಿ ಹತ್ತಿರ ಸಿಕ್ಕಿಸಿದೆ. ತುಟಿಗೆ ತೀರಾ ಹತ್ತಿರ ಹಾಕಿದರೆ ಅವರು ಕೂಗಿದಾಗ ಒಡೆಯುತ್ತೆ. ಇನ್ನೊಂದು ಮೈಕ್ "ಕಬಡ್ಡಿ ಕಬಡ್ಡಿ" ಅನ್ನುವ ಉಸಿರು, ಮೈ ನೆಲಕ್ಕೆ ಬಡಿದ ಸದ್ದು ಹಿಡಿಯೋಕೆ. ಅದನ್ನು ಎಲ್ಲಿ ಇಡುತ್ತೇನೆ ಅಂತ ಮಾತ್ರ ಕೇಳಬೇಡಿ. ಮೊದಲ ಫ್ರೇಮಿನ ಮೇಲೆ ಏನು ಬರೆಯುತ್ತೇನೆ ಅನ್ನೋದೂ ಹಾಗೇ. ಅದನ್ನು ಬಿಟ್ಟುಕೊಟ್ಟರೆ ನನಗೇನು ಉಳಿಯುತ್ತೆ?

ಸುಮ್ನೆ ಒಂದು ಪ್ರಯೋಗಕ್ಕೆ ಮರಾಠಿಯಲ್ಲಿ ಕ್ಯಾಪ್ಶನ್ ಹಾಕಿ ನೋಡಿದೆ. ಆಳಂದ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಅಕ್ಕಲಕೋಟ, ಎಲ್ಲಾ ಹತ್ತಿರವೇ. ಆ ಕಡೆಯಿಂದ ನೋಡುವವರು ಜೋರಾಗಿ ಬಂದರು, ಒಂದು ಪಂದ್ಯಾವಳಿಗೆ ಗಾಡಿ ಖರ್ಚು ಕೊಟ್ಟು ಕರೆದರು ಕೂಡ. ಇನ್ನೊಂದಕ್ಕೆ ದಖನಿ (ನಮ್ಮ ಕಡೆಯ ಉರ್ದು) ಹಾಕಿದೆ, ಕಮೆಂಟಿನಲ್ಲಿ ಬರೀ ತಮಾಷೆ, ಶೇರ್ ಕಮ್ಮಿ. ಹಾಕುವ ಹೊತ್ತೂ ಬದಲಿಸಿದೆ. ರಾತ್ರಿ ಒಂಬತ್ತಕ್ಕಿಂತ ಮಧ್ಯಾಹ್ನ ಒಂದೂವರೆ ನನಗೆ ಜಾಸ್ತಿ ಫಲ ಕೊಟ್ಟಿದೆ. ನಮ್ಮೂರಿನ ಎಷ್ಟೋ ಜನ ಪುಣೆ, ಮುಂಬೈ, ಬೆಂಗಳೂರಿನಲ್ಲಿ ದುಡಿಯುತ್ತಾರೆ. ಊಟದ ಹೊತ್ತಿಗೆ ಮಾಸ್ತರ ದನಿ ಕೇಳಿದರೆ ಊರಿನ ಗ್ರೂಪಿಗೆಲ್ಲಾ ಕಳಿಸುತ್ತಾರೆ.

ಪ್ರೊ ಕಬಡ್ಡಿ ತುಣುಕು ಎತ್ತಿ ಹಾಕುವವರಿಗೆ ಒಂದು ಮಾತು: ಅದಕ್ಕೆ ಮಾಲೀಕರಿದ್ದಾರೆ, ಕಾಪಿರೈಟ್ ಸ್ಟ್ರೈಕ್ ಮೇಲಿಂದ ಮೇಲೆ ಬಿದ್ದರೆ ಪೇಜೇ ಹೋಗಬಹುದು. ನಿಮ್ಮೂರಿನ ಆಟ ಸಾಲದೇ?

ಈಗ ಕಲಬುರಗಿಯ ಒಂದು ದಾಲ್ ಮಿಲ್‌ನವರು ಜೆರ್ಸಿ, ಶೂ ಎರಡೂ ಕೊಡಿಸಿದ್ದಾರೆ. ನನಗೆ ತಿಂಗಳಿಗೆ ನಾಲ್ಕು ಸಾವಿರ ಕೊಡ್ತಾರೆ. ಮಾಸ್ತರಿಗೆ ಪಂದ್ಯಕ್ಕೆ ಐನೂರು ಕೊಡಿಸಿದೆ. ಅವರು ಈಗ ಸಾವಿರ ಕೇಳುತ್ತಿದ್ದಾರೆ, ಕೊಡಬೇಕಾಗುತ್ತೆ. ಪಕ್ಕದೂರಿನ ಟೀಮಿನವರು ಆಗಲೇ ಅವರ ಮನೆಗೆ ಎರಡು ಸಲ ಹೋಗಿ ಬಂದಿದ್ದಾರಂತೆ.