ಲಾಗ್ ಫೈಲಿಗೆ ಹೆಸರಿಡಲು ಹೋಗಿ ನಾನು ಕಲಿತದ್ದು

ಗಂಗಾವತಿಯ ಒಂದು ರೈಸ್ ಮಿಲ್‌ನ ಕಂಪ್ಯೂಟರ್, ನೆಟ್‌ವರ್ಕ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಆಫೀಸು, ಗೋದಾಮು, ಲಾರಿ ತೂಗುವ ಕಾಟಾ ಎಲ್ಲ ಸೇರಿ 14 ಯಂತ್ರ. ಇವುಗಳ ಲಾಗ್, ಅಂದ್ರೆ ಏನೇನಾಯ್ತು ಅಂತ ಯಂತ್ರ ಸಮಯದ ಜೊತೆ ಬರೆಯುವ ದಾಖಲೆ, ಆಫೀಸಿನ ಮೂಲೆಯಲ್ಲಿರುವ ಒಂದು ಹಳೆ ಉಬುಂಟು ಸರ್ವರ್‌ಗೆ ಬರುತ್ತದೆ. ಅಲ್ಲಿ ಆರ್‌ಸಿಸ್‌ಲಾಗ್ ಅನ್ನೋ, ಲಾಗ್ ಸಾಲುಗಳನ್ನು ಪಡೆದು ಫೈಲಿಗೆ ಬರೆಯುವ ಪ್ರೋಗ್ರಾಂ ಯುಡಿಪಿ 514ನೇ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಮೊದಮೊದಲು ಎಲ್ಲವೂ ಸಿಸ್‌ಲಾಗ್ ಅನ್ನೋ ಒಂದೇ ಫೈಲಿಗೆ ಬೀಳುತ್ತಿತ್ತು.

ನವೆಂಬರ್, ಭತ್ತದ ಸುಗ್ಗಿ. ಗೇಟಿನಾಚೆ ರಸ್ತೆವರೆಗೆ ಟ್ರ್ಯಾಕ್ಟರ್ ಸಾಲು. "ಮೊನ್ನೆ ರಾತ್ರಿ ಕಾಟಾ ಎಷ್ಟಕ್ಕ ಬಂದ್ ಆತು ಹೇಳ್ರಿ" ಅಂದರು ಸಾವ್ಕಾರ್ರು. ಗ್ರೆಪ್ ಹಾಕಿ ಹುಡುಕಿದೆ. ರೌಟರ್‌ನ ಫೈರ್‌ವಾಲ್ ಸಾಲುಗಳ ನಡುವೆ ಕಾಟಾದ ನಾಲ್ಕು ಸಾಲು ಸಿಗಲು ಮುಕ್ಕಾಲು ಗಂಟೆ ಬೇಕಾಯ್ತು. ಗೋದಾಮಿನಲ್ಲಿ ಚೀಲದ ಪ್ರತಿ ಲಾಟಿಗೂ ಹೆಸರು, ತಾರೀಖು ಬರೆದ ಚೀಟಿ ಇರುತ್ತದೆ. ನನ್ನ ಲಾಗ್‌ಗೆ ಅಷ್ಟೂ ಇರಲಿಲ್ಲ.

ಆರ್‌ಸಿಸ್‌ಲಾಗ್‌ನಲ್ಲಿ ಟೆಂಪ್ಲೇಟ್ ಅಂತ ಇದೆ. ಫೈಲಿನ ಹಾದಿಯನ್ನು ಅದರಲ್ಲಿ ಬರೆದು, ಬದಲಾಗುವ ಭಾಗವನ್ನು ಎರಡು ಪರ್ಸೆಂಟ್ ಗುರುತಿನ ನಡುವೆ ಇಡಬೇಕು. ಆಮೇಲೆ ಫೈಲಿಗೆ ಬರೆಯುವ ಆಕ್ಷನ್‌ನಲ್ಲಿ ಫೈಲ್ ಬದಲು ಡೈನಾಫೈಲ್ ಅಂತ ಹಾಕಿ ಟೆಂಪ್ಲೇಟ್‌ನ ಹೆಸರು ಕೊಟ್ಟರಾಯ್ತು. ಸಾಲು ಬಂದ ಹಾಗೆ ಫೋಲ್ಡರ್, ಫೈಲ್ ತಾವೇ ಹುಟ್ಟಿಕೊಳ್ಳುತ್ತವೆ. ಹೊರಗಿನಿಂದ ಬರೋದನ್ನ ಬೇರೆ ರೂಲ್‌ಸೆಟ್‌ಗೆ (ನಿಯಮಗಳ ಗುಂಪಿಗೆ) ಕಟ್ಟಿದೆ, ಸರ್ವರ್‌ನ ಸ್ವಂತ ಲಾಗ್ ಜೊತೆ ಬೆರೆಯದಿರಲಿ ಅಂತ. ಉಬುಂಟುವಿನಲ್ಲಿ ಆ ಫೋಲ್ಡರ್ ಸಿಸ್‌ಲಾಗ್ ಅನ್ನೋ ಯೂಸರ್ ಹೆಸರಿನಲ್ಲಿರಬೇಕು. ಇಲ್ಲದಿದ್ರೆ ಬರೆಯಲು ಅನುಮತಿ ಸಿಗಲ್ಲ, ಫೈಲೇ ಕಾಣಲ್ಲ. ಅರ್ಧ ದಿನ ನಾನು ಟೆಂಪ್ಲೇಟನ್ನೇ ಬೈಯುತ್ತಾ ಕೂತಿದ್ದೆ.

ಮೊದಲ ತಪ್ಪು ನಗು ತರಿಸುವಂಥದ್ದು. ಫೈಲಿನ ಹೆಸರಿನಲ್ಲಿ ಪ್ರೋಗ್ರಾಂ ಹೆಸರು ಬರಲಿ ಅಂತ ಟೆಂಪ್ಲೇಟ್‌ನಲ್ಲಿ ಸಿಸ್‌ಲಾಗ್‌ಟ್ಯಾಗ್ ಹಾಕಿದೆ. ಟ್ಯಾಗ್‌ನಲ್ಲಿ ಬರೀ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂ) ಅಂತ ಇರಲ್ಲ, ಪಕ್ಕದಲ್ಲಿ ಚೌಕ ಕಂಸದೊಳಗೆ ಪ್ರೋಸೆಸ್ ನಂಬರೂ ಇರುತ್ತದೆ. ಕಾಟಾದ ಡೇಟಾ ಕಾಪಿ ಮಾಡುವ ಕೆಲಸ ಐದು ನಿಮಿಷಕ್ಕೊಮ್ಮೆ ಓಡುತ್ತೆ, ಪ್ರತಿ ಸಲ ಹೊಸ ನಂಬರ್, ಹೊಸ ಫೈಲ್. ದಿನಕ್ಕೆ 288 ಫೈಲ್, ಅದೂ ಒಂದೇ ಯಂತ್ರದಿಂದ! ಬೇಕಾಗಿದ್ದದ್ದು ಪ್ರೋಗ್ರಾಂನೇಮ್. ಅದರಲ್ಲಿ ನಂಬರ್ ಇರಲ್ಲ.

ಎರಡನೆಯದು ಸ್ವಲ್ಪ ದಿನ ಕಾಡಿತು. ತಾರೀಖಿಗೆ ಟೈಮ್‌ರಿಪೋರ್ಟೆಡ್ ತಗೊಂಡಿದ್ದೆ, ಅಂದ್ರೆ ಕಳಿಸಿದ ಯಂತ್ರ ಹೇಳುವ ಸಮಯ. ಒಂದು ಬೆಳಗ್ಗೆ ನೋಡಿದರೆ ನವೆಂಬರ್‌ನಲ್ಲಿ ಜನವರಿ 1ರ ಫೈಲ್ ತುಂಬುತ್ತಾ ಇದೆ. ಗೋದಾಮಿನ ಅಗ್ಗದ ರೌಟರ್‌ನಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಅದು ಕಂಪ್ಯೂಟರ್ ಗಡಿಯಾರದ ಸೊನ್ನೆ ಕ್ಷಣವಾದ 1970ರ ಜನವರಿ 1ರ ಜಿಎಂಟಿ ಮಧ್ಯರಾತ್ರಿ, ನಮ್ಮ ಲೆಕ್ಕದಲ್ಲಿ ಬೆಳಗ್ಗೆ 5:30ರಿಂದ ಎಣಿಸಲು ಶುರು ಮಾಡುತ್ತೆ. ಹಳೆ ಮಾದರಿಯ ಸಿಸ್‌ಲಾಗ್ ಸಾಲಿನಲ್ಲಿ ವರ್ಷವೇ ಇರಲ್ಲ ಅಲ್ವಾ, ಹಾಗಾಗಿ ಆರ್‌ಸಿಸ್‌ಲಾಗ್ ಅದಕ್ಕೆ ಈ ವರ್ಷವನ್ನೇ ಅಂಟಿಸಿತ್ತು. ಟೈಮ್‌ರಿಪೋರ್ಟೆಡ್ ತೆಗೆದು ಸರ್ವರ್‌ನ ಗಡಿಯಾರದಿಂದ ಬರುವ, ಡಾಲರ್ ಗುರುತಿನ ಇಯರ್, ಮಂತ್, ಡೇ ಹಾಕಿದೆ. ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ಫೈಲ್ ಪಟ್ಟಿ ತಾನಾಗಿಯೇ ಸಾಲಾಗಿ ನಿಲ್ಲುತ್ತೆ.

ಯಂತ್ರ ತನ್ನ ಹೆಸರು ಹೇಳಿದ್ದನ್ನೂ ನಂಬೋ ಹಾಗಿಲ್ಲ. ಒಂದೇ ಕಂಪನಿಯ ಎರಡು ರೌಟರ್, ಎರಡರ ಹೆಸರೂ ರೌಟರ್. ಎರಡೂ ಒಂದೇ ಫೋಲ್ಡರ್‌ಗೆ ಬರೀತಿದ್ದವು. ಹೋಸ್ಟ್‌ನೇಮ್ ಬಿಟ್ಟು ಫ್ರಂಹೋಸ್ಟ್ ಐಪಿ, ಅಂದ್ರೆ ಸಾಲು ಬಂದ ನೆಟ್‌ವರ್ಕ್ ವಿಳಾಸ, ಹಿಡಿದೆ, ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಎಲ್ಲಕ್ಕೂ ಕಾಯಂ ವಿಳಾಸ ಕೊಟ್ಟೆ. ಓದಲು ಅಷ್ಟು ಚಂದ ಕಾಣಲ್ಲ, ಆದರೆ ಸುಳ್ಳು ಹೇಳಲ್ಲ.

ಇನ್ನೆರಡು ಸಣ್ಣ ವಿಷಯ. ಡೈನಾಫೈಲ್ ಸುಮ್ನೆ ಬಿಟ್ಟರೆ ಒಂದು ಸಲಕ್ಕೆ 10 ಫೈಲ್ ಮಾತ್ರ ತೆರೆದಿಟ್ಟುಕೊಳ್ಳುತ್ತೆ. ನಮ್ಮಲ್ಲಿ ಜಾಸ್ತಿ ಇರೋದ್ರಿಂದ ಮುಚ್ಚೋದು ತೆರೆಯೋದೇ ಕೆಲಸವಾಗುತ್ತಿತ್ತು, ಕ್ಯಾಶ್ ಸೈಜ್ 50 ಮಾಡಿದೆ. ಇನ್ನು ಹಳೆ ಲಾಗ್ ತೆಗೆಯುವ ಮಾಮೂಲಿ ಲಾಗ್‌ರೊಟೇಟ್ ಈ ಹೊಸ ಫೈಲ್‌ಗಳನ್ನು ಮುಟ್ಟಲ್ಲ. 90 ದಿನ ದಾಟಿದ್ದನ್ನು ಫೈಂಡ್ ಕಮಾಂಡ್‌ನಿಂದ ಅಳಿಸುವ ಒಂದು ಸಾಲನ್ನು ರಾತ್ರಿಯ ಕ್ರಾನ್‌ಗೆ ಹಾಕಿದ್ದೇನೆ.

ಫೈಲಿನ ಹೆಸರು ಸರಿಯಾದರೂ ಒಳಗಿನ ಸಾಲು ಇನ್ನೂ ಜನವರಿ ಅಂತಲೇ ಹೇಳುತ್ತಿತ್ತು. ಸಾಲಿಗೂ ಒಂದು ಟೆಂಪ್ಲೇಟ್ ಬರೆದು, ಸರ್ವರ್‌ಗೆ ಬಂದ ಸಮಯ ಮೊದಲು, ಯಂತ್ರ ಹೇಳಿದ ಸಮಯ ಪಕ್ಕದಲ್ಲಿ ಬರುವ ಹಾಗೆ ಮಾಡಿದೆ. ಈಗ ಗೋದಾಮಿನಲ್ಲಿ ರಾತ್ರಿ ಕರೆಂಟ್ ಎಷ್ಟು ಸಲ ಹೋಯ್ತು ಅಂತ ಸಾವ್ಕಾರ್ರು ಕೇಳಿದರೆ, ಆ ಫೈಲ್ ತೆರೆದು ಬೆಳಗ್ಗೆ 5:30 ಎಷ್ಟು ಸಲ ಆಗಿದೆ ಅಂತ ಎಣಿಸಿ ಹೇಳುತ್ತೇನೆ.