ಕಂಪಾಸ್ ಕೊಳ್ಳುವಾಗ ನಾನು ಮೊದಲು ನೋಡುವುದು ಮುಳ್ಳನ್ನು

ಪಶ್ಚಿಮ ಘಟ್ಟದ ಬೋಳುಗುಡ್ಡಗಳ ಮೇಲೆ ಮಂಜು ಇಳಿದರೆ ಹತ್ತು ಮಾರು ಆಚೆಗೆ ಏನೂ ಕಾಣುವುದಿಲ್ಲ. ಕುದುರೆಮುಖದ ಕಡೆ ಹುಲ್ಲಿನ ನಡುವೆ ಕಾಟಿಗಳ ಜಾಡೂ ಜನರ ಕಾಲುದಾರಿಯೂ ಒಂದೇ ಥರ ಇರುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ಗೈಡ್ ಜೊತೆಗೇ ಹೋಗುವುದಾದರೂ ನಾನು ಕಂಪಾಸ್ ಇಟ್ಟುಕೊಂಡೇ ಹೊರಡುತ್ತೇನೆ. ಫೋನಿನ ಮ್ಯಾಪ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಮಳೆಯಲ್ಲಿ ನೆನೆದ ಸ್ಕ್ರೀನ್ ಬೆರಳಿನ ಮಾತು ಕೇಳುವುದಿಲ್ಲ. ಬ್ಯಾಟರಿ ಮುಗಿದರಂತೂ ಅದೂ ಇಲ್ಲ.

ಯಾವ ಕಂಪಾಸ್ ತಗೊಳ್ಳಲಿ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಕನ್ನಡಿ ಇರಬೇಕಾ, ಕತ್ತಲಲ್ಲಿ ಹೊಳೆಯಬೇಕಾ, ಯಾವ ಕಂಪನಿ, ಇವೆಲ್ಲ ಆಮೇಲಿನ ಮಾತು. ಮೊದಲು ಮುಳ್ಳು ನೋಡಿ ಅನ್ನುತ್ತೇನೆ. ಅದಕ್ಕೆ ನಮ್ಮ ನಾಡಿಗೇ ಸಂಬಂಧಿಸಿದ ಒಂದು ಕಾರಣ ಇದೆ.

ಭೂಮಿಯ ಕಾಂತಕ್ಷೇತ್ರ ಮುಳ್ಳನ್ನು ಉತ್ತರಕ್ಕೆ ತಿರುಗಿಸುವುದಷ್ಟೇ ಅಲ್ಲ, ಓರೆಯಾಗಿ ಕೆಳಕ್ಕೂ ಎಳೆಯುತ್ತದೆ. ಸ್ವೀಡನ್, ಫಿನ್ಲೆಂಡ್ ಕಡೆ ಈ ಓರೆ 70 ಡಿಗ್ರಿಗೂ ಜಾಸ್ತಿ. ನಮ್ಮಲ್ಲಿ ಬಹಳ ಕಡಿಮೆ, ಯಾಕೆಂದರೆ ಕಾಂತೀಯ ಸಮಭಾಜಕ ರೇಖೆ, ಅಂದರೆ ಈ ಓರೆ ಸೊನ್ನೆಯಾಗುವ ಗೆರೆ, ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಯೂರೋಪಿನಲ್ಲಿ ಮಾರುವ ಕಂಪಾಸಿನಲ್ಲಿ ಉತ್ತರದ ತುದಿ ಕೆಳಗೆ ಬಾಗದಿರಲಿ ಎಂದು ದಕ್ಷಿಣದ ಕಡೆಗೆ ಸ್ವಲ್ಪ ತೂಕ ಕೊಟ್ಟಿರುತ್ತಾರೆ. ಅದೇ ಕಂಪಾಸನ್ನು ಇಲ್ಲಿಗೆ ತಂದರೆ ಆ ತೂಕ ಹೆಚ್ಚಾಗುತ್ತದೆ. ಒಂದು ಕಡೆ ಹೆಚ್ಚು ತೂಕ ಇಟ್ಟ ತಕ್ಕಡಿಯ ಹಾಗೆ ದಕ್ಷಿಣದ ತುದಿ ಕೆಳಗೆ ಬಾಗುತ್ತದೆ. ಅಂಗೈ ಚೂರು ಓರೆಯಾದರೂ ಮುಳ್ಳು ಡಬ್ಬಿಯ ತಳಕ್ಕೆ ತಾಗಿ ನಿಂತುಬಿಡುತ್ತದೆ. ನಿಂತ ಜಾಗವೇ ಉತ್ತರ ಅಂತ ನಾವು ನಂಬುತ್ತೇವೆ.

ವಿದೇಶದಲ್ಲಿರುವ ಅಣ್ಣನೋ ಅಕ್ಕನೋ ಪ್ರೀತಿಯಿಂದ ತಂದುಕೊಡುವ ಒಳ್ಳೆ ಕಂಪಾಸಿಗೂ ಇದೇ ತೊಂದರೆ ಇರಬಹುದು. ಹಾಗಾಗಿ ನಾನು ಕೊಂಡದ್ದು ಗ್ಲೋಬಲ್ ನೀಡಲ್ ಇರುವ ಬೇಸ್‌ಪ್ಲೇಟ್ ಕಂಪಾಸ್, ಅಂದರೆ ಕೆಳಗೆ ಪಾರದರ್ಶಕ ತಟ್ಟೆ ಇರುವಂಥದ್ದು. ಇದರಲ್ಲಿ ಮುಳ್ಳೂ ಅಯಸ್ಕಾಂತವೂ ಬೇರೆಬೇರೆಯಾಗಿ ಕೂತಿರುತ್ತವೆ. ಅಯಸ್ಕಾಂತ ಓರೆಯಾದರೂ ಮುಳ್ಳು ಸಮವಾಗಿಯೇ ಇರುತ್ತದೆ. ಸುಂಟೋ ಕಂಪನಿಯ ಎಂಸಿ-2 ಜಿ ಈ ಬಗೆಯದು. ಬೆಲೆ ಜಾಸ್ತಿಯೇ. ಅಷ್ಟು ಕೊಡಲು ಆಗದಿದ್ದರೆ ಸಾಮಾನ್ಯ ಕಂಪಾಸೂ ಸಾಕು, ಆದರೆ ಅದರ ಮುಳ್ಳು ನಮ್ಮ ನೆಲದಲ್ಲಿ ಸಮವಾಗಿ ನಿಲ್ಲಬೇಕು.

ಅಂಗಡಿಯಲ್ಲಿ ನಾನು ಪರೀಕ್ಷೆ ಮಾಡುವುದು ಹೀಗೆ. ಫೋನು, ವಾಚು, ಬೈಕಿನ ಕೀ ಎಲ್ಲವನ್ನೂ ದೂರ ಇಡುತ್ತೇನೆ. ಕಂಪಾಸನ್ನು ಮರದ ಮೇಜಿನ ಮೇಲಿಟ್ಟು, ಬಗ್ಗಿ, ಕಣ್ಣನ್ನು ಅದರ ಮಟ್ಟಕ್ಕೆ ತಂದು ಪಕ್ಕದಿಂದ ನೋಡುತ್ತೇನೆ. ಮುಳ್ಳಿನ ಎರಡೂ ತುದಿ ಒಂದೇ ಎತ್ತರದಲ್ಲಿ ಇರಬೇಕು. ಮುಳ್ಳು ತೋರಿಸುವ ಗುರುತನ್ನು ನೆನಪಿಟ್ಟುಕೊಂಡು, ಕಬ್ಬಿಣದ ಕೀಯೊಂದನ್ನು ಹತ್ತಿರ ತಂದು ಮುಳ್ಳನ್ನು ಪಕ್ಕಕ್ಕೆ ಎಳೆದು, ಕೀಯನ್ನು ದೂರ ಸರಿಸುತ್ತೇನೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಎರಡು ಸಲವೂ ಅದು ಅದೇ ಗುರುತಿಗೆ ವಾಪಸ್ ಬರಬೇಕು, ಮೂರ್ನಾಲ್ಕು ಸೆಕೆಂಡಿನಲ್ಲಿ ನಿಲ್ಲಬೇಕು. ಎಡದಿಂದ ಬಂದಾಗ ಒಂದು ಕಡೆ, ಬಲದಿಂದ ಬಂದಾಗ ಮೂರು ಡಿಗ್ರಿ ಆಚೆ ನಿಂತರೆ ಮುಳ್ಳು ತಿರುಗುವ ಮೊನೆ ಸರಿಯಿಲ್ಲ ಎಂದರ್ಥ. ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ. ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೇವೆ. ಐದು ಡಿಗ್ರಿ ತಪ್ಪಿದರೆ 87 ಮೀಟರ್. ಮಂಜಿನಲ್ಲಿ ಅಷ್ಟು ಸಾಕು, ಪಕ್ಕದ ಕಣಿವೆಗೆ ಇಳಿದುಬಿಡುತ್ತೇವೆ.

ಮಡಚುವ ಲೋಹದ ಮುಚ್ಚಳದ, ಹಸಿರು ಬಣ್ಣದ ಅಗ್ಗದ ಮಿಲಿಟರಿ ಕಂಪಾಸುಗಳು ಎಲ್ಲ ಕಡೆ ಸಿಗುತ್ತವೆ. ನೋಡೋಕೆ ಗಟ್ಟಿಮುಟ್ಟು. ಆದರೆ ಕೆಳಗೆ ಮ್ಯಾಪ್ ಕಾಣುವ ಪಾರದರ್ಶಕ ತಟ್ಟೆ ಅವುಗಳಲ್ಲಿ ಇರುವುದಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಮ್ಯಾಪಿನಲ್ಲಿ 2 ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಬೇಸ್‌ಪ್ಲೇಟಿನ ಅಂಚನ್ನು ಎರಡು ಜಾಗಗಳ ನಡುವೆ ಇಟ್ಟರೆ ದೂರವೂ ಸಿಗುತ್ತದೆ, ಡಯಲ್ ತಿರುಗಿಸಿದರೆ ಬೇರಿಂಗೂ, ಅಂದರೆ ಹೋಗಬೇಕಾದ ದಿಕ್ಕಿನ ಡಿಗ್ರಿಯೂ ಸಿಗುತ್ತದೆ. ಅಂಚಿನ ಅಳತೆಯನ್ನೂ ಒಂದು ಸ್ಕೇಲಿಗೆ ಹಿಡಿದು ನೋಡಿ. ಅಗ್ಗದವುಗಳಲ್ಲಿ ಅದನ್ನು ಸುಮ್ನೆ ನಂಬುವ ಹಾಗಿಲ್ಲ.

ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಕರ್ನಾಟಕದಲ್ಲಿ ಒಂದೆರಡು ಡಿಗ್ರಿ ಅಷ್ಟೇ. ಅದನ್ನು ಹೊಂದಿಸುವ ಸ್ಕ್ರೂಗಾಗಿ ಇಲ್ಲಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಅಮೆರಿಕದ ಸಿಯಾಟಲ್ ಕಡೆ ಬೆಟ್ಟ ಹತ್ತುವ ನಮ್ಮವರಿಗಾದರೆ ಅದು ಬೇಕೇ ಬೇಕು. ಅಲ್ಲಿ ವ್ಯತ್ಯಾಸ ಸುಮಾರು 15 ಡಿಗ್ರಿ.

ಕೊಂಡ ಮೇಲೆ ಧ್ರುವ ನಕ್ಷತ್ರದ ಎದುರು ಒಮ್ಮೆ ಪರೀಕ್ಷೆ ಮಾಡುತ್ತೇನೆ. ಈ ಕೆಲಸ ನನಗೆ ತುಂಬಾ ಇಷ್ಟ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಹಾಗಾಗಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲೆ ಇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ, ಅದಕ್ಕಿಂತ ಚೂರು ಮೇಲೆ ನೋಡಬೇಕು. ಊರಾಚೆ ಬಯಲಿಗೆ ಹೋಗಿ, ಕೊಂಬೆಗೆ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ನಕ್ಷತ್ರವೂ ದಾರವೂ ಒಂದೇ ಗೆರೆಗೆ ಬರುವ ಹಾಗೆ ನಿಂತು, ಕಾಲಬುಡದಲ್ಲಿ ಒಂದು ಗೂಟ, ಕಲ್ಲಿನ ಕೆಳಗೆ ಇನ್ನೊಂದು ಗೂಟ ಹೊಡೆಯುತ್ತೇನೆ. ಮರದ ಗೂಟಗಳೇ ಆಗಬೇಕು. ಬೆಳಗ್ಗೆ ಆ ಗೆರೆಯ ಮೇಲೆ ಕಂಪಾಸ್ ಇಟ್ಟರೆ ನಿಜ ಗೊತ್ತಾಗುತ್ತದೆ, ಮುಳ್ಳು ಗೆರೆಯಿಂದ ಆ ಒಂದೆರಡು ಡಿಗ್ರಿಗಿಂತ ಆಚೆ ಹೋಗಬಾರದು. ಮನೆಯ ತಾರಸಿ ಇದಕ್ಕೆ ಆಗುವುದಿಲ್ಲ, ಕಾಂಕ್ರೀಟಿನ ಒಳಗಿನ ಕಂಬಿಗಳು ಮುಳ್ಳನ್ನು ಎಳೆಯುತ್ತವೆ.

ಕುದುರೆಮುಖದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 2005ರ ಕೊನೆಯವರೆಗೆ ಅಲ್ಲಿ ತೆಗೆಯುತ್ತಿದ್ದ ಅದಿರು ಮ್ಯಾಗ್ನೆಟೈಟ್, ಅಂದರೆ ಅದೇ ಅಯಸ್ಕಾಂತದ ಗುಣ ಇರುವ ಕಬ್ಬಿಣದ ಅದಿರು. ಗಣಿ ನಿಂತರೂ ನೆಲದೊಳಗೆ ಅದು ಇದ್ದೇ ಇದೆ. ಎಷ್ಟೇ ದುಬಾರಿ ಕಂಪಾಸಾದರೂ ಅಂಥ ಬಂಡೆಯ ಪಕ್ಕ ತಪ್ಪು ಹೇಳಬಹುದು. ಅನುಮಾನ ಬಂದಾಗ ಮುಂದಿನ ಮರಕ್ಕೆ ಬೇರಿಂಗ್ ತೆಗೆದು, ಅಲ್ಲಿಗೆ ನಡೆದು, ತಿರುಗಿ ಹಿಂದಿನ ಜಾಗಕ್ಕೆ ಬೇರಿಂಗ್ ತೆಗೆಯುತ್ತೇನೆ. ಎರಡರ ನಡುವೆ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಇದ್ದರೆ ಸರಿ. ಇಲ್ಲದಿದ್ದರೆ ಎರಡರಲ್ಲಿ ಒಂದು ಜಾಗ ಮುಳ್ಳನ್ನು ಎಳೆಯುತ್ತಿದೆ.

ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಜೇಬಿನಲ್ಲೇ ಇದೆ, ಅಲ್ವಾ? ಫೋನಿನ ಸ್ಪೀಕರಿನಲ್ಲಿ, ಅದರ ಕವರಿನ ಮುಚ್ಚಳದಲ್ಲಿ ಅಯಸ್ಕಾಂತ ಇರುತ್ತದೆ. ಕಂಪಾಸನ್ನು ಅದರ ಪಕ್ಕ ಇಟ್ಟು ಮರೆತರೆ ಮುಳ್ಳಿನ ಧ್ರುವಗಳೇ ತಿರುಗಿಬಿಡಬಹುದು. ಆಗ ಕೆಂಪು ತುದಿ ದಕ್ಷಿಣ ತೋರಿಸುತ್ತದೆ. ಪೂರ್ತಿ ತಿರುಗಿದರೆ ಬೇಗ ಗೊತ್ತಾಗುತ್ತದೆ. ಮುಳ್ಳು ಅರೆಬರೆ ಶಕ್ತಿ ಕಳೆದುಕೊಂಡು ಸೋಮಾರಿಯಾಗಿ ಓಡಾಡುವುದೇ ಜಾಸ್ತಿ ಅಪಾಯ. ನನ್ನ ಕಂಪಾಸಿಗೆ ಬ್ಯಾಗಿನ ಮೇಲಿನ ಜೇಬು, ಫೋನಿಗೆ ಸೊಂಟದ ಪಟ್ಟಿ. ಹೊರಡುವ ಬೆಳಗ್ಗೆ ಸೂರ್ಯ ಹುಟ್ಟಿದ ಕಡೆಗೆ ಒಮ್ಮೆ ಹಿಡಿದು ನೋಡುತ್ತೇನೆ. ಎತ್ತರಕ್ಕೆ ಹೋದಾಗ ಕಂಪಾಸಿನ ಒಳಗಿನ ದ್ರವದಲ್ಲಿ ಸಣ್ಣ ಗುಳ್ಳೆ ಕಂಡರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಳಗೆ ಬಂದ ಮೇಲೂ ಅದು ಹೋಗದೆ ದೊಡ್ಡದಾಗುತ್ತಿದ್ದರೆ ದ್ರವ ಸೋರುತ್ತಿದೆ ಎಂದರ್ಥ, ಆ ಕಂಪಾಸನ್ನು ಮತ್ತೆ ಕಾಡಿಗೆ ಒಯ್ಯುವುದಿಲ್ಲ.