ಮನೆಯ ಚಿಲ್ಲರೆಯಿಂದ ಮೈಸೂರಿನ ಕಾಸಿನವರೆಗೆ

ನಾಣ್ಯ ಸಂಗ್ರಹಿಸಬೇಕೆಂಬ ಆಸೆ ಹುಟ್ಟಿದಾಗ ನಾನು ಅಂಗಡಿಗೆ ಹೋಗದೆ, ಬಸವನಗುಡಿಯ ನಮ್ಮ ಮನೆಯಲ್ಲೂ ನೆಂಟರ ಮನೆಗಳಲ್ಲೂ ಡಬ್ಬಿ, ಹುಂಡಿಗಳ ತಳದಲ್ಲಿ ಉಳಿದಿದ್ದ ಚಿಲ್ಲರೆಯನ್ನು ಕೇಳಿ ಪಡೆದೆ. 2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ ನಿಂತದ್ದರಿಂದ, ಅವನ್ನು ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ.

ಎಲ್ಲ ಕಾಲದ ನಾಣ್ಯಗಳೂ ಬೇಕೆಂದು ಹೊರಟರೆ ಕೈಗೆ ಹತ್ತುವುದು ಗುಡ್ಡೆಯೇ ಹೊರತು ಸಂಗ್ರಹವಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದ ಮೇಲಿನ ಪೈಸೆಗಳನ್ನಷ್ಟೇ ಇಸವಿ ಮತ್ತು ಟಂಕಸಾಲೆಗಳ ಪ್ರಕಾರ ಜೋಡಿಸತೊಡಗಿದೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯೊಂದೇ ಆಗ ನಾನು ಕೊಂಡ ಸಾಮಗ್ರಿ. ಇಸವಿಯ ಕೆಳಗೆ ವಜ್ರದಾಕಾರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಕೇಳಲು ಸುಲಭ, ಆದರೆ ಕೈಯಿಂದ ಕೈಗೆ ಓಡಾಡಿ ಸವೆದ ಅಲ್ಯೂಮಿನಿಯಂ ಪೈಸೆಯ ಮೇಲೆ ವಜ್ರದ ಮೂಲೆಗಳು ಕರಗಿ ಚುಕ್ಕೆಯಂತೆಯೇ ಕಾಣುತ್ತವೆ. ನೋಯ್ಡಾ ಟಂಕಸಾಲೆ ಆರಂಭವಾದದ್ದು 1988ರಲ್ಲಿ ಎಂಬುದು ನೆನಪಿದ್ದರೆ, 1970ರ ದಶಕದ ನಾಣ್ಯದ ಮೇಲಿನ 'ಚುಕ್ಕೆ' ಸವೆದ ವಜ್ರವೇ ಎಂದು ತಿಳಿದುಬಿಡುತ್ತದೆ. ಕಣ್ಣು ಹೇಳಿದ್ದನ್ನು ಇಸವಿಯೊಂದಿಗೆ ತಾಳೆ ನೋಡುವ ಈ ಅಭ್ಯಾಸವನ್ನು ಬಿಡಿಗಾಸುಗಳ ಮೇಲೆ ಕಲಿತದ್ದೇ ಒಳ್ಳೆಯದಾಯಿತು.

ನಾಣ್ಯಗಳನ್ನು ಅಂಚಿನಲ್ಲಿ ಹಿಡಿಯುತ್ತೇನೆ, ತೊಳೆಯುವುದಿಲ್ಲ. ನಮ್ಮಲ್ಲಿ ತಾಮ್ರವನ್ನು ಕಂಡರೆ ಹುಣಸೆಹಣ್ಣು ಹಚ್ಚುವುದು ರೂಢಿ. ಚೊಂಬಿಗೆ ಅದು ಸರಿ. ನಾಣ್ಯಕ್ಕಾದರೆ, ನೂರಾರು ವರ್ಷಗಳಲ್ಲಿ ಮೂಡಿದ ಕಂದು ಪದರವೇ ಹೋಗಿ, ಬೋಳು ಗುಲಾಬಿ ಬಣ್ಣ ಬಂದು, ಸಂಗ್ರಾಹಕರ ಪಾಲಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಮೆತ್ತನೆಯ ಪಿವಿಸಿ ಹಾಳೆಗಳ ಆಲ್ಬಮ್ಮನ್ನೂ ನಾನು ಬಳಸುವುದಿಲ್ಲ, ಏಕೆಂದರೆ ಕಾಲಕ್ರಮೇಣ ಅದರಿಂದ ಹೊರಬರುವ ರಾಸಾಯನಿಕಗಳು ತಾಮ್ರದ ಮೇಲೆ ಹಸಿರು ಅಂಟು ಕಟ್ಟಿಸುತ್ತವೆ.

ಪೈಸೆಗಳ ಸಾಲು ಒಂದು ಹಂತಕ್ಕೆ ಬಂದ ಬಳಿಕವೇ ಮೈಸೂರಿನ ತಾಮ್ರದ ನಾಣ್ಯಗಳತ್ತ ತಿರುಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನ ಮೇಲೆ ಆನೆ, 'ಶ್ರೀ', 'ಚಾಮುಂಡಿ' ಎಂಬ ಕನ್ನಡ ಅಕ್ಷರಗಳು ಇರುವುದರಿಂದ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಟಿಪ್ಪುವಿನ ಆನೆ ನಾಣ್ಯಗಳನ್ನು ಓದಲು ಮಾತ್ರ ಸ್ವಲ್ಪ ತಾಳ್ಮೆ ಬೇಕು: ಆತ ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು.

ಚಿಕ್ಕಪೇಟೆಯ ಸುತ್ತಿನ ಭಾನುವಾರದ ಸಂತೆಯಲ್ಲಿ "ಸಾರ್, ಕಂಪನಿ ಕಾಲದ್ದು, ಪೂಜೆಗಿಟ್ಟರೆ ಒಳ್ಳೇದಾಗತ್ತೆ" ಎಂದು ರಾಮ ಪಟ್ಟಾಭಿಷೇಕದ ಬಿಲ್ಲೆಯನ್ನು ಯಾರಾದರೂ ಮುಂದೆ ಹಿಡಿದರೆ ನಕ್ಕು ಮುಂದೆ ಹೋಗುತ್ತೇನೆ, ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯವನ್ನು ಟಂಕಿಸಿದ್ದೇ ಇಲ್ಲ. ಬೆಳ್ಳಿ ರೂಪಾಯಿಯಾದರೆ ಜೇಬಿನ ಪುಟ್ಟ ತಕ್ಕಡಿಯನ್ನು ಹೊರಗೆ ತೆಗೆಯುತ್ತೇನೆ: ವಿಕ್ಟೋರಿಯಾ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಸವೆತದಿಂದ ತುಸು ಕಡಿಮೆಯಾಗಬಹುದೇ ಹೊರತು ಹೆಚ್ಚಾಗಲಾರದು. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊಬೈಲಿಗೆ ಬರುವ ಜಾಹೀರಾತುಗಳಂತೂ ಶುದ್ಧ ಮೋಸ. ತನ್ನ ಹೆಸರು ಹೇಳಿ ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಈಗ ಪ್ರತಿ ನಾಣ್ಯವನ್ನೂ ಸಣ್ಣ ಕಾಗದದ ಲಕೋಟೆಯಲ್ಲಿಟ್ಟು, ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡೆನೆಂದು ಮೇಲೆ ಬರೆದು, ರಸೀದಿಯಿದ್ದರೆ ಜೊತೆಗಿಡುತ್ತೇನೆ. ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯ್ದೆಯಡಿ ಪುರಾತನ ವಸ್ತುಗಳೆನಿಸುವುದರಿಂದ, ಅವನ್ನು ವಿದೇಶದಲ್ಲಿರುವ ಸ್ನೇಹಿತರಿಗೆ ಕಳುಹಿಸುವ ಯೋಚನೆಯನ್ನೂ ಮಾಡುವುದಿಲ್ಲ.